“ಬಾರ್ಡರಲ್ಲಿ ಲಾರಿ ಪೂರ್ತಿ ಬಿಚ್ಚಿ ನೋಡ್ತಾರಂತಲ್ಲಣ್ಣ?”

ಹಾಸನದ ನಮ್ಮ ಲಾರಿ ಆಫೀಸಿಗೆ ಬರುವ ಹೊಸ ಡ್ರೈವರ್ ಹುಡುಗರೆಲ್ಲ ಕೇಳುವುದು ಇದನ್ನೇ. ಸ್ಟೇರಿಂಗ್ ಹಿಡಿದಿದ್ದ ಕಾಲದಲ್ಲಿ ನಾನು ಗುಂಟೂರಿನ ಒಣಮೆಣಸಿನಕಾಯಿ ಹೇರಿಕೊಂಡು ಬಾಂಗ್ಲಾ ಗಡಿಗೆ ಹೋಗಿ ಬಂದವನು ಅಂತ ಯಾರೋ ಅವರ ಕಿವಿಗೆ ಹಾಕಿರುತ್ತಾರೆ.

ನೋಡ್ತಾರಪ್ಪ. ಆದರೆ ಕಷ್ಟ ಅದಲ್ಲ. ತಪಾಸಣೆ ಒಂದು ಹೊತ್ತಿನ ಕೆಲಸ. ಡ್ರೈವರನ್ನು ಹಣ್ಣು ಮಾಡುವುದು ಅದಕ್ಕೆ ಮುಂಚಿನ ಸಾಲು.

ನಮ್ಮ ಕಡೆಯ ಗಡಿ ಗೇಟು ಪೆಟ್ರಾಪೋಲ್ ಇರುವುದು ಪಶ್ಚಿಮ ಬಂಗಾಳದಲ್ಲಿ, ಬನಗಾಂವ್ ಊರಿನ ಪಕ್ಕ. ಗೇಟಿನಾಚೆ ಬಾಂಗ್ಲಾದೇಶದ ಬೇನಾಪೋಲ್. ಎರಡು ದೇಶಗಳ ರಸ್ತೆ ವ್ಯಾಪಾರದ ಬಹುಪಾಲು ಈ ಒಂದೇ ಬಾಗಿಲಲ್ಲಿ ತೂರಬೇಕು. ಅಲ್ಲಿಗೆ ಹೋಗುವ ಜೆಸ್ಸೋರ್ ರಸ್ತೆಗೆ ಅಗಲವೇ ಇಲ್ಲ, ಎರಡೂ ಬದಿ ಹಳೇ ಮರಗಳು. ಶಿರಾಡಿಯಲ್ಲಿ ಗುಡ್ಡ ಜರಿದಾಗ ಸಕಲೇಶಪುರದ ಕಡೆ ಲಾರಿಗಳು ಸಾಲುಗಟ್ಟುತ್ತವಲ್ಲ, ಅಲ್ಲಿ ಗುಡ್ಡ ಜರಿಯದೆಯೇ ಹಾಗೆ. ವಾರಗಟ್ಟಲೆ ನಿಂತದ್ದೂ ಉಂಟು. ಪಾರ್ಕಿಂಗಿಗೆ ದಿನಕ್ಕಿಷ್ಟು ಅಂತ ಕೊಡಬೇಕು. ನೀರಿಗೆ, ಸ್ನಾನಕ್ಕೆ, ಕಕ್ಕಸಿಗೆ ಎಲ್ಲಕ್ಕೂ ಚಿಲ್ಲರೆ ಬಿಚ್ಚಬೇಕು. ಮಳೆ ಬಂದರೆ ಟಾರ್ಪಲ್ ಮೇಲೆ ನಿಂತ ನೀರನ್ನು ರಾತ್ರಿಯೆಲ್ಲ ಕೆಳಗಿಂದ ಕೈಕೊಟ್ಟು ಎತ್ತಿ ಚೆಲ್ಲುತ್ತಿದ್ದೆವು. ಒಂದು ಚೀಲಕ್ಕೆ ನೀರಿಳಿದರೂ ಮೆಣಸಿನಕಾಯಿ ಬೂಷ್ಟು ಹಿಡಿಯುತ್ತದೆ, ದುಡ್ಡು ನಮ್ಮ ಬಾಡಿಗೆಯಲ್ಲೇ ಮುರಿದುಕೊಳ್ಳುತ್ತಾರೆ. ಹಗ್ಗ ಬಿಗಿದು ಕೆಳಗಿಳಿದರೆ ಕಣ್ಣು, ಮೂಗು ಎಲ್ಲ ಉರಿ. ಆ ಘಾಟಿನಲ್ಲೇ ಊಟ, ಅದರಲ್ಲೇ ನಿದ್ದೆ. 2022ರಲ್ಲಿ ಬಂಗಾಳ ಸರ್ಕಾರ ‘ಸುವಿಧಾ’ ಅಂತ ಆನ್‌ಲೈನ್ ಸ್ಲಾಟ್ ತಂದಮೇಲೆ ದಿನ ಬುಕ್ ಮಾಡಿಕೊಂಡು ಹೋಗುವ ದಾರಿಯಾಗಿದೆ. ನಮಗೆ ಆ ಪುಣ್ಯ ಇರಲಿಲ್ಲ.

ಸಾಲು ಯಾಕೆ ಕರಗುವುದಿಲ್ಲ ಅಂದರೆ, ನಮ್ಮ ಲಾರಿ ಢಾಕಾಗೆ ಹೋಗುವ ಹಾಗಿಲ್ಲ. ಬೇನಾಪೋಲಿನ ಯಾರ್ಡಿನಲ್ಲಿ ಮಾಲು ಇಳಿಸಿ ವಾಪಸ್ ಬರಬೇಕು, ಮುಂದಕ್ಕೆ ಅವರ ಲಾರಿ. ಅಲ್ಲಿ ಶೆಡ್ಡು ತುಂಬಿದ್ದರೆ ಇಲ್ಲಿ ಚಕ್ರ ಅಲುಗಾಡದು. ಬಾಂಗ್ಲಾದೇಶ, ಭೂತಾನ್, ನೇಪಾಳ, ಭಾರತ ನಾಲ್ಕೂ ಸೇರಿ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ವಾಹನ ಒಪ್ಪಂದಕ್ಕೆ ಸಹಿ ಹಾಕಿದವು, ಲಾರಿ ನೇರ ಹೋಗಲಿ ಅಂತ. ಭೂತಾನ್ ಸಂಸತ್ತು ಒಪ್ಪಲಿಲ್ಲ. ಉಳಿದವರದೂ ಪೇಪರಿನಲ್ಲೇ ಎಳೆದಾಡುತ್ತಿದೆ.

ಇನ್ನು ತಪಾಸಣೆ. ಹೋಗುವಾಗ ಕಾಗದವೇ ಮುಖ್ಯ: ಕಸ್ಟಮ್ಸ್ ಬಿಲ್ಲು, ಇನ್‌ವಾಯ್ಸ್, ತೂಕದ ಚೀಟಿ, ಡ್ರೈವರ್ ಮತ್ತು ಕ್ಲೀನರ್ ಹೆಸರಿರುವ, ಲಾರಿ ಗಡಿ ದಾಟಲು ಕೊಡುವ ‘ಕಾರ್ ಪಾಸ್’ ಚೀಟಿ. ಚೀಲದ ಲೆಕ್ಕ ಒಂದು ಹೆಚ್ಚು ಕಡಿಮೆಯಾದರೂ ಏಜೆಂಟ್ ಬಂದು ಸರಿಮಾಡಿಸುವವರೆಗೆ ಲಾರಿ ಪಕ್ಕಕ್ಕೆ. ಲೆಕ್ಕ ಬರೆದವನು ಎಲ್ಲೋ ಫ್ಯಾನ್ ಕೆಳಗೆ ಕೂತಿರುತ್ತಾನೆ, ಉತ್ತರ ಕೊಡುವವನು ನೀನು. ನಮ್ಮ ರಾಜ್ಯಗಳ ನಡುವಿನ ಸೇಲ್ಸ್ ಟ್ಯಾಕ್ಸ್ ಚೆಕ್‌ಪೋಸ್ಟುಗಳನ್ನು ಈಗಿನ ಹುಡುಗರು ನೋಡಿಲ್ಲ, 2017ರ ಜಿಎಸ್‌ಟಿಯೊಂದಿಗೆ ಹೋದವು. ನೋಡಿದ್ದವರಿಗೆ ಇದು ಹೊಸದಲ್ಲ.

ನಿಜವಾಗಿ ಬಿಚ್ಚಿ ನೋಡುವುದು ವಾಪಸ್ ಬರುವಾಗ, ಖಾಲಿ ಲಾರಿಯನ್ನು. ಬಿಎಸ್‌ಎಫ್‌ನವರು ಹುಡುಕುವುದು ಚಿನ್ನ. ಆ ಗಡಿಯಲ್ಲಿ ಖಾಲಿ ಲಾರಿಗಳಲ್ಲಿ ಚಿನ್ನದ ಬಿಸ್ಕತ್ತು ಸಿಕ್ಕ ಕೇಸುಗಳಿವೆ. ಸೀಟು ಎತ್ತಿಸುತ್ತಾರೆ, ಟೂಲ್ ಬಾಕ್ಸ್ ಸುರಿಸುತ್ತಾರೆ, ಕ್ಯಾಬಿನ್ನಿನ ಮೂಲೆಮೂಲೆ ತಟ್ಟಿ ಸದ್ದು ಕೇಳುತ್ತಾರೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಭಯ ಇರುವುದು ಬೇರೆ ಕಡೆ: ಯಾರ್ಡಿನಲ್ಲಿ ಯಾರೋ ಟೀ ಕೊಡಿಸಿ, “ಈ ಪೊಟ್ಟಣ ಆಚೆ ಒಬ್ಬರಿಗೆ ಕೊಟ್ಟುಬಿಡಿ” ಅನ್ನುತ್ತಾರೆ. 1962ರ ಕಸ್ಟಮ್ಸ್ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಕಳ್ಳಸಾಗಣೆಗೆ ಬಳಸಿದ ಲಾರಿಯನ್ನೇ ಮುಟ್ಟುಗೋಲು ಹಾಕಬಹುದು. ಮಾಲೀಕ ತನಗೆ ಗೊತ್ತಿರಲಿಲ್ಲ ಅಂದರೆ ಸಾಲದು, ಏಜೆಂಟನಿಗೂ ಡ್ರೈವರಿಗೂ ಗೊತ್ತಿರಲಿಲ್ಲ ಅಂತ ಅವನೇ ತೋರಿಸಬೇಕು. ಸಾಲ ಮಾಡಿ ತೆಗೆದ ಲಾರಿ ಇನ್ನೊಬ್ಬರ ಪೊಟ್ಟಣಕ್ಕೆ ಹೋಗಿಬಿಡುತ್ತದೆ.

ಹಾಗಾಗಿ ಹೋಗುವ ಹುಡುಗರಿಗೆ ನಾನು ಹೇಳುವುದು: ಟೀ ಕುಡಿ, ಪೊಟ್ಟಣ ಮುಟ್ಟಬೇಡ. ಹೊರಡುವ ಮುಂಚೆ ಚೀಲ ನೀನೇ ಎಣಿಸು. ಬಾಡಿಗೆ ಮಾತಾಡುವಾಗಲೇ ಹಾಲ್ಟಿಂಗ್, ಅಂದರೆ ಲಾರಿ ಕಾಯುತ್ತಾ ನಿಂತ ದಿನಗಳ ದುಡ್ಡು, ದಿನಕ್ಕೆ ಎಷ್ಟು, ಎಷ್ಟನೇ ದಿನದಿಂದ, ಕೊಡುವವರು ಯಾರು ಅಂತ ಲೋಡಿನ ರಸೀದಿ ಬಿಲ್ಟಿ ಮೇಲೇ ಬರೆಸಿಕೋ. ಬರೆದುಕೊಡಲ್ಲ ಅಂದರೆ ಆ ಲೋಡೇ ಬೇಡ, ಮಂಗಳೂರಿಗೆ ಕಾಫಿ ಹೊಡಿ.