ನಗೋಕೆ ಬನ್ನಿ, ಬೇಳೆಗೆ ದುಡ್ಡು ಸೇರಿಸೋಣ

ಫೆಬ್ರವರಿ 7, ಶನಿವಾರ, ಸಂಜೆ ಆರೂವರೆಗೆ ಹಾಸ್ಯ ಸಂಜೆ. ಬಳ್ಳಾರಿ ಕಂಟೋನ್ಮೆಂಟ್ ಕಡೆಯ ಒಂದು ಚರ್ಚಿನ ಸಭಾಂಗಣದಲ್ಲಿ. ಬರೋ ದುಡ್ಡೆಲ್ಲ ಟಿಬಿ ಇರುವವರ ಮನೆಗಳಿಗೆ ಅಕ್ಕಿ, ಬೇಳೆ, ಎಣ್ಣೆ, ಮೊಟ್ಟೆ ಕೊಡೋದಕ್ಕೆ.

ನಾವು ಚರ್ಚಿಗೆ ಹೋಗೋರಲ್ಲ. ಆದರೂ ಈ ಕೆಲಸಕ್ಕೆ ನನಗೆ ಮೊದಲು ನೆನಪಾದದ್ದು ಅಲ್ಲಿನ ಸಿಸ್ಟರ್. ನನ್ನ ತಮ್ಮ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿದ್ದಾಗ ಅವನಿಗೆ ಟಿಬಿ ಬಂತು. ಕೆಲಸ ಹೋಯಿತು. ಓಣಿಯವರು ಅವನ ಕೈಗೆ ಲೋಟ ಕೊಡೋದು ಬಿಟ್ಟರು. ಆ ಸಿಸ್ಟರ್ ಮಾತ್ರ ಮನೆಗೆ ಬಂದು, ಅವನ ಪಕ್ಕದಲ್ಲೇ ಕೂತು ಚಹಾ ಕುಡಿದು, ಮೊಟ್ಟೆ ಕೊಟ್ಟು ಹೋಗುತ್ತಿದ್ದರು. ಆರು ತಿಂಗಳು ಮಾತ್ರೆ ನುಂಗಿ ಅವನು ಹುಷಾರಾದ. ಆದರೆ ಆಗ ಅಮ್ಮ ಏನು ಮಾಡುತ್ತಿದ್ದಳು ಅನ್ನೋದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವನ ತಟ್ಟೆಗೆ ಎರಡು ಮೊಟ್ಟೆ ಹಾಕಿ, ತಾನು ಒಲೆ ಹತ್ತಿರ ಕೂತು ಮಜ್ಜಿಗೆ ಅನ್ನ ಉಣ್ಣುತ್ತಿದ್ದಳು.

ಅದಕ್ಕೇ ನಾನು ಹಟ ಹಿಡಿದದ್ದು: ಕೊಟ್ಟರೆ ಇಡೀ ಮನೆಗೆ ಕೊಡಬೇಕು. ಇದು ಸುಮ್ನೆ ಭಾವನೆಯ ಮಾತಲ್ಲ. ಜಾರ್ಖಂಡಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಲ್ಲಿ ರೋಗಿಗೆ ಮಾತ್ರ ರೇಷನ್ ಕೊಟ್ಟರು. ಇನ್ನು ಕೆಲವು ಮನೆಗಳಲ್ಲಿ ಉಳಿದವರಿಗೂ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಎಲ್ಲರಿಗೂ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ. 39ರಷ್ಟು ಕಡಿಮೆಯಾಯಿತು. ಅಕ್ಕಿ ಬೇಳೆಯಿಂದ! ಸರ್ಕಾರದಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1000 ಆಗಿದೆ. ಒಳ್ಳೆಯದೇ. ಆದರೆ ದುಡಿಯುವವನೇ ಮಲಗಿದ ಮನೆಗೆ ಅದು ಎಲ್ಲಿ ಸಾಲುತ್ತದೆ? 2022ರಲ್ಲಿ ಶುರುವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಯಾರು ಬೇಕಾದರೂ, ಯಾವ ಸಂಸ್ಥೆ ಬೇಕಾದರೂ ಹೆಸರು ನೋಂದಾಯಿಸಿ ಆಹಾರದ ಕಿಟ್ ಕೊಡಬಹುದು. ಚರ್ಚಿನ ಹೆಸರಲ್ಲಿ ನೋಂದಣಿ ಮಾಡಿಸೋಣ ಅಂತ ಫಾದರ್ ಒಪ್ಪಿದರು.

ದಿನ ಗೊತ್ತು ಮಾಡೋದೇ ದೊಡ್ಡ ಕೆಲಸವಾಯಿತು. ಫೆಬ್ರವರಿ 18ಕ್ಕೆ ಅವರ ತಪಸ್ಸುಕಾಲ ಶುರು. ಉಪವಾಸ, ಪ್ರಾರ್ಥನೆಯ ದಿನಗಳವು, ಆಗ ಅಲ್ಲಿ ಹಾಸ್ಯ ಕಾರ್ಯಕ್ರಮ ಇಡೋದು ಚೆನ್ನಾಗಿರಲ್ಲ. ಈಸ್ಟರ್ ಬರೋದು ಏಪ್ರಿಲ್ 5ಕ್ಕೆ. ಆಮೇಲಿನ ಬಳ್ಳಾರಿ ಬಿಸಿಲು ನಿಮಗೇ ಗೊತ್ತು, ಆ ತಗಡಿನ ಮಾಡಿನ ಕೆಳಗೆ ಸಂಜೆಯೂ ಕೂರೋಕಾಗಲ್ಲ. ಫೆಬ್ರವರಿ 15ಕ್ಕೆ ಶಿವರಾತ್ರಿ, ಹಿಂದಿನ ದಿನವೇ ಜನ ಊರಿಗೆ ಹೊರಡುತ್ತಾರೆ. ಕೊನೆಗೆ ಉಳಿದದ್ದು 7. ರಾಘವ ಕಲಾಮಂದಿರದಲ್ಲಿ ಮಾಡಿದರೆ ಗತ್ತು ಇರುತ್ತದೆ ಅಂತ ಕೆಲವರು ಅಂದರು. ಬಳ್ಳಾರಿ ರಾಘವರ ಹೆಸರಿನ ರಂಗಮಂದಿರ, ನನಗೂ ಪ್ರೀತಿಯೇ. ಆದರೆ ಬಾಡಿಗೆ ಕೊಡಬೇಕಾಗುತ್ತದೆ, ಅದು ಬೇಳೆಯ ದುಡ್ಡು. ಚರ್ಚ್ ಸಭಾಂಗಣ ಪುಕ್ಕಟೆ.

ನಮ್ಮ ಸೀಮೆಯವರಿಗೆ ನಗೋದನ್ನು ಯಾರೂ ಕಲಿಸಬೇಕಿಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ನಮ್ಮವರು, ಗಂಗಾವತಿ ಪ್ರಾಣೇಶ್ ಪಕ್ಕದ ಜಿಲ್ಲೆಯವರು. ಒಬ್ಬರು ಮೈಕ್ ಹಿಡಿದು ಮಾತಾಡಿದರೆ ಕೂತು ಕೇಳುವ ರೂಢಿ ನಮಗಿದೆ. ಈ ಸಲ ಇಬ್ಬರು ಹಾಸ್ಯ ಭಾಷಣಕಾರರು, ಒಬ್ಬ ಕಾಲೇಜು ಹುಡುಗ. ಮೂವರೂ ಸಂಭಾವನೆ ಬೇಡ ಅಂದಿದ್ದಾರೆ.

ಆ ಹುಡುಗನ ತಾಲೀಮು ನೋಡಿದೆ. ಬಸ್ ಸ್ಟ್ಯಾಂಡಿನ ಪ್ರಸಂಗ. ಒಬ್ಬ ಅಜ್ಜ ಜೋರಾಗಿ ಕೆಮ್ಮುತ್ತಾನೆ, ಸುತ್ತ ಕೂತವರು ಎದ್ದು ಓಡುತ್ತಾರೆ, ಅಜ್ಜ ಸೀಟಿನ ಮೇಲೆ ಉದ್ದಕ್ಕೆ ಮಲಗುತ್ತಾನೆ. ಕೂತಿದ್ದವರೆಲ್ಲ ನಕ್ಕರು. ನನಗೆ ಆಗಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು ತಮ್ಮನ ಲೋಟದ ಕಥೆ ಹೇಳಿದೆ. “ಬೇಡ ಬಿಡಿ ಅಕ್ಕಾ, ಬೇರೆ ಮಾಡ್ತೀನಿ” ಅಂದ. ಮುಂದಿನ ವಾರ ಅಜ್ಜನ ಬದಲು ಟವೆಲ್ ಬಂದಿತ್ತು. ಕಿಟಕಿಯಿಂದ ಒಂದೇ ಸೀಟಿಗೆ ಮೂರು ಟವೆಲ್ ಬೀಳುತ್ತವೆ. ಒಬ್ಬ ಕನ್ನಡದಲ್ಲಿ, ಒಬ್ಬ ತೆಲುಗಿನಲ್ಲಿ, ಇನ್ನೊಬ್ಬ ಹಿಂದಿಯಲ್ಲಿ ಜಗಳ ಶುರು ಮಾಡುತ್ತಾರೆ. ಸಿಟ್ಟು ಜಾಸ್ತಿ ಆದ ಹಾಗೆ ಮೂವರೂ ಭಾಷೆ ಅದಲು ಬದಲು ಮಾಡಿಕೊಳ್ಳುತ್ತಾರೆ. ಕಂಡಕ್ಟರ್ ಬಂದು ಟವೆಲ್ಲುಗಳಿಗೇ ಟಿಕೆಟ್ ಹರಿಯುತ್ತಾನೆ. ಫಾದರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಮೊದಲಿನದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ.

ಫಾದರನ್ನು ಗೇಲಿ ಮಾಡಬಹುದಾ ಅಂತ ಅವನು ಹೆದರುತ್ತಲೇ ಕೇಳಿದ. “ನನ್ನನ್ನು ಮಾಡಪ್ಪಾ, ಕಾಯಿಲೆಯವರನ್ನು ಬೇಡ” ಅಂದರು ಫಾದರ್. ಅದೇ ನಮ್ಮ ನಿಯಮವಾಯಿತು.

ಇನ್ನೊಂದು ವಿಷಯಕ್ಕೆ ಸಭೆಯಲ್ಲಿ ಜೋರು ಚರ್ಚೆ ಆಯಿತು. ನೆರವು ಪಡೆಯುವ ಒಂದಿಬ್ಬರನ್ನು ವೇದಿಕೆಗೆ ಕರೆದು ನಾಲ್ಕು ಮಾತು ಆಡಿಸಿದರೆ ಜನರ ಮನಸ್ಸು ಕರಗಿ ದುಡ್ಡು ಜಾಸ್ತಿ ಬರುತ್ತದೆ ಅಂದರು ಒಬ್ಬರು. ಬರಬಹುದು. ಮರುದಿನ ಆ ಮನೆಯ ಹುಡುಗಿಗೆ ಬಂದ ಸಂಬಂಧ ಮುರಿದರೆ ಯಾರು ಹೊಣೆ? ಬಾಡಿಗೆ ಮನೆ ಖಾಲಿ ಮಾಡಿ ಅಂದರೆ ಎಲ್ಲಿ ಹೋಗಬೇಕು? ರೋಗಿಗಳ ಹೆಸರು ನಮಗೂ ಬೇಡ ಅಂತ ತೀರ್ಮಾನವಾಯಿತು. ಒಪ್ಪಿಗೆ ಕೊಟ್ಟವರಿಗೆ ಟಿಬಿ ವಿಭಾಗದ ಸಿಬ್ಬಂದಿಯ ಮೂಲಕವೇ ಕಿಟ್ ಹೋಗಲಿ. ಫೋಟೋ ಇಲ್ಲ. ಚೀಲದ ಮೇಲೆ ಶಿಲುಬೆಯಾಗಲಿ, ಒಳಗೆ ಪ್ರಾರ್ಥನೆಯ ಚೀಟಿಯಾಗಲಿ ಇರೋದಿಲ್ಲ. ಇದನ್ನು ಮೊದಲು ಹೇಳಿದ್ದೇ ಫಾದರ್. ಯಾರೋ ಏನೋ ಅಂದುಕೊಂಡಾರು ಅನ್ನುವ ಹೆದರಿಕೆಯಿಂದ ಅಲ್ಲ, ಹಸಿದವರಿಗೆ ಕೊಡುವಾಗ ಬೇರೆ ಲೆಕ್ಕ ಇರಬಾರದು ಅಂದರು. ನನಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚಿತು.

ಶಾಲು, ಹಾರ, ನೆನಪಿನ ಕಾಣಿಕೆ ಕೂಡ ಇರಲ್ಲ. ಮುಖ್ಯ ಅತಿಥಿಯೂ ಇಲ್ಲ, ಮುಂದಿನ ಸಾಲಿಗೆ ಸೋಫಾನೂ ಇಲ್ಲ. ಮೊದಲು ಬಂದವರು ಮುಂದೆ ಕೂರಲಿ.

ಟಿಕೆಟ್ 100 ರೂಪಾಯಿ, ಮಕ್ಕಳಿಗೆ ಇಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಗೇಟಿನ ಹತ್ತಿರ ಸಿಗುತ್ತದೆ. ಬಾಗಿಲಲ್ಲಿ ಕ್ಯೂಆರ್ ಕೋಡ್ ಇರುತ್ತದೆ, ಡಬ್ಬಿಯೂ ಇರುತ್ತದೆ. ಡಬ್ಬಿಯ ದುಡ್ಡನ್ನು ಕಾರ್ಯಕ್ರಮ ಮುಗಿದ ಕೂಡಲೇ ಎಲ್ಲರೆದುರು ಮೇಜಿನ ಮೇಲೆ ಸುರಿದು ಎಣಿಸಿ, ಮೊತ್ತವನ್ನು ಬೋರ್ಡಿನ ಮೇಲೆ ಬರೆಯುತ್ತೇವೆ. ಖರ್ಚಿನ ಪಟ್ಟಿ ಪಕ್ಕದಲ್ಲೇ ಇರುತ್ತದೆ. ಅಮ್ಮಂದಿರ ಸಂಘದವರು ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡುತ್ತಾರೆ, ಅದರ ಲಾಭವೂ ಇದಕ್ಕೇ.

ಹತ್ತು ಗಂಟೆ ಮೇಲೆ ಮೈಕ್ ಹಾಕುವಂತಿಲ್ಲ. ಅದಕ್ಕೆ ಒಂಬತ್ತೂವರೆಗೆ ಮುಗಿಸುತ್ತೇವೆ, ಶುರುವನ್ನೂ ತಡ ಮಾಡಲ್ಲ. ಕುರ್ಚಿ ಇನ್ನೂ ಬೇಕು. ನಿಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇದ್ದರೆ ಹಿಂದೆ ಹೆಸರು ಬರೆದು ಶನಿವಾರ ಮಧ್ಯಾಹ್ನದೊಳಗೆ ತಂದುಕೊಡಿ. ರಾತ್ರಿಯೇ ವಾಪಸ್ ಮುಟ್ಟಿಸೋದು ನನ್ನ ತಮ್ಮನ ಜವಾಬ್ದಾರಿ, ಆಟೋ ಅವನದೇ.