ತಂಗಿಯ ಬಾಯಿ ಹುಣ್ಣು

12 ಮಾರ್ಚ್ 2025, ಬುಧವಾರ ರಾತ್ರಿ

ಪುಟ್ಟಿಗೆ ಮತ್ತೆ ಬಾಯಿ ಹುಣ್ಣು. ಫೋನಿನಲ್ಲೇ ಗೊತ್ತಾಯಿತು, ನಾಲಿಗೆಯ ಅಂಚು ಹಲ್ಲಿಗೆ ತಾಗದ ಹಾಗೆ ಮಾತಾಡುತ್ತಿದ್ದಳು. ವೀಡಿಯೊದಲ್ಲಿ ಕೆಳತುಟಿ ಮಗುಚಿ ಇನ್ನೊಂದನ್ನೂ ತೋರಿಸಿದಳು. ನಡುವೆ ಹಳದಿ ಬೆರೆತ ಬಿಳಿ ಪೊರೆ, ಸುತ್ತ ಕೆಂಪು ಅಂಚು. ಇಷ್ಟೇ ಇಷ್ಟು ಜಾಗ, ನೀರು ಕುಡಿಯೋಕೂ ಬಿಡುವುದಿಲ್ಲ.

"ಅಕ್ಕಾ, ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಬರುತ್ತಂತೆ. ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡ್ರೆ ಹೋಗುತ್ತಾ?"

ಹೂಂ ಅನ್ನಲು ಮನಸ್ಸು ಬರಲಿಲ್ಲ. ಜೀವಕೋಶ ಆಮ್ಲಜನಕ ಬಳಸುವಾಗ ಸೂಪರಾಕ್ಸೈಡ್‌ನಂಥ ಚುರುಕು ಕಣಗಳು ಹುಟ್ಟುತ್ತಲೇ ಇರುತ್ತವೆ. ಸೂಪರಾಕ್ಸೈಡನ್ನು ಎಸ್‌ಒಡಿ ಎಂಬ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಎಂಜಲಿನಲ್ಲಿರುವ ಯೂರಿಕ್ ಆಮ್ಲಕ್ಕೂ ಇಂಥ ಕಣಗಳನ್ನು ತಡೆಯುವ ಕೆಲಸವಿದೆ. ಈ ತಡೆ ಸಾಲದೆ ಹೋಗುವ ಅಸಮತೋಲನವೇ ಆಕ್ಸಿಡೇಟಿವ್ ಸ್ಟ್ರೆಸ್. ಆಗ ಜೀವಕೋಶದ ಪೊರೆಯ ಕೊಬ್ಬು ಕೆಡುತ್ತದೆ, ಅದರ ಗುರುತಾಗಿ ಮ್ಯಾಲೊಂಡೈಆಲ್ಡಿಹೈಡ್ ಎಂಬ ರಾಸಾಯನಿಕ ಉಳಿಯುತ್ತದೆ. ಪದೇ ಪದೇ ಹುಣ್ಣಾಗುವವರಲ್ಲಿ ಅದು ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಎಸ್‌ಒಡಿ ಮಾತ್ರ ಕೆಲವದರಲ್ಲಿ ಕಡಿಮೆ, ಕೆಲವದರಲ್ಲಿ ಜಾಸ್ತಿ.

ನನ್ನನ್ನು ತಡೆದದ್ದು ಬೇರೆ. ಹುಣ್ಣಿನ ಜಾಗಕ್ಕೆ ನುಗ್ಗುವ ಬಿಳಿ ರಕ್ತಕಣಗಳೂ ಇದೇ ಚುರುಕು ಕಣಗಳನ್ನು ಕಾರುತ್ತವೆ. ಹಾಗಾದರೆ ಅಸಮತೋಲನದಿಂದ ಹುಣ್ಣೋ, ಹುಣ್ಣಿನಿಂದ ಅಸಮತೋಲನವೋ? ಎರಡೂ ಒಂದನ್ನೊಂದು ಬೆಳೆಸುತ್ತವೆ ಅಂತ ನನಗನಿಸುತ್ತದೆ. ಅದಕ್ಕೇ ಮಾತ್ರೆ ನುಂಗಿಬಿಡು ಅನ್ನಲಾರೆ.

"ಮೊದಲು ಬಿ12, ಫೋಲೇಟ್, ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ಪರೀಕ್ಷೆ ಮಾಡಿಸೇ. ಕೊರತೆ ಇದ್ರೆ ಅದನ್ನ ತುಂಬೋಣ. ನೊರೆ ಬರಿಸೋ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಟೂತ್‌ಪೇಸ್ಟ್ ಬಳಸಿ ನೋಡು."

"ಇಷ್ಟಕ್ಕೆಲ್ಲ ಅಳ್ತಾರಾ ಅಂತ ಆಫೀಸಲ್ಲಿ ನಕ್ಕರು ಅಕ್ಕಾ."

ಹೊಟ್ಟೆ ಉರಿಯಿತು. ಐವರಲ್ಲಿ ಒಬ್ಬರಿಗೆ ಬರುವ ತೊಂದರೆಯಂತೆ. ಅಂದಮಾತ್ರಕ್ಕೆ ನೋವು ಕಡಿಮೆಯೇ? ಅನ್ನ ಅಗಿಯಲಾಗದೆ ಹಸಿದುಕೊಂಡೇ ಕೆಲಸ ಮಾಡುವವಳನ್ನು ನೋಡಿ ನಗು ಹೇಗೆ ಬರುತ್ತದೆ!

ಸಣ್ಣ ಹುಣ್ಣು 7ರಿಂದ 14 ದಿನದಲ್ಲಿ ಕಲೆ ಉಳಿಸದೆ ಮಾಯುತ್ತದೆ. ಮೂರು ವಾರ ದಾಟಿದರೆ ಮಾತ್ರ ಕಾಯಬೇಡ, ಡಾಕ್ಟರಿಗೆ ತೋರಿಸಲೇಬೇಕು ಅಂದಿದ್ದೇನೆ. ಹೂಂ ಅಂದಳು, ಕೇಳಿಸಿಕೊಂಡಳೋ ಇಲ್ಲವೋ.

ಅಮ್ಮನಿಗೂ ಚಿಕ್ಕಂದಿನಲ್ಲಿ ಹೀಗೇ ಆಗುತ್ತಿತ್ತಾ ಅಂತ ಕೇಳಬೇಕು. ಇದು ಮನೆತನದಲ್ಲಿ ಬರುವುದುಂಟು, ಹಾಗಿದ್ದರೆ ಪುಟ್ಟಿಯ ಮಗಳಿಗೂ...