‘ಏನೂ ಸಿಕ್ಕಿಲ್ಲ’ ಅಂದರೆ ‘ಏನೂ ಇಲ್ಲ’ ಅಂತಲ್ಲ

ಹೋದ ವರ್ಷ ಯುಗಾದಿ ಕಳೆದು ಎರಡು ವಾರ ಆಗಿತ್ತು. ಅಮ್ಮ ತಲೆ ಬಾಚಿಕೊಳ್ಳುವಾಗ ಕತ್ತಿನ ಬುಡದಲ್ಲಿ ಒಂದು ಗಂಟು ಕಣ್ಣಿಗೆ ಬಿತ್ತು. ನೋವಿಲ್ಲ. ಎಂಜಲು ನುಂಗಿದರೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಥೈರಾಯ್ಡ್ ಗಂಟು ಹಾಗೇ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಡಾಕ್ಟರು ಸ್ಕ್ಯಾನ್ ಮಾಡಿಸಿ ಎಫ್‌ಎನ್‌ಎಸಿ, ಅಂದರೆ ಗಂಟಿಗೆ ಸಣ್ಣ ಸೂಜಿ ಹಾಕಿ ಮಾಡುವ ಪರೀಕ್ಷೆ, ಬರೆದುಕೊಟ್ಟರು. ಒಂದು ಲ್ಯಾಬಿಗೆ ಹೋದೆವು, ಕೈಯಲ್ಲಿ ಗಂಟು ಹಿಡಿದು ಸೂಜಿ ಹಾಕಿದರು, ಐದು ನಿಮಿಷದಲ್ಲಿ ಮುಗಿಯಿತು.

ಮೂರು ದಿನ ಬಿಟ್ಟು ಆಫೀಸಿನಿಂದಲೇ ಫೋನ್ ಮಾಡಿದೆ. ಕೌಂಟರಿನ ಹುಡುಗ "ಏನೂ ಸಿಕ್ಕಿಲ್ಲ ಮೇಡಂ" ಅಂದ. ನಾನು ಅಮ್ಮನಿಗೆ "ಏನೂ ಇಲ್ವಂತೆ ಕಣಮ್ಮ" ಅಂದೆ. ಅವತ್ತು ಸಂಜೆ ಅಮ್ಮ ಗವಿಗಂಗಾಧರೇಶ್ವರನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ರಿಪೋರ್ಟ್ ಫೈಲಿಗೆ ಸೇರಿತು. ಐದು ತಿಂಗಳು ಅದನ್ನು ಯಾರೂ ತೆಗೆದು ನೋಡಲಿಲ್ಲ.

ಆ ಹಾಳೆಯಲ್ಲಿ ಇದ್ದದ್ದೇ ಬೇರೆ. ಪರೀಕ್ಷೆಗೆ ಸಾಕಾಗುವಷ್ಟು ಜೀವಕೋಶ ಸಿಕ್ಕಿಲ್ಲ, ಸ್ಕ್ಯಾನ್ ನೋಡಿಕೊಂಡು ಮತ್ತೊಮ್ಮೆ ಮಾಡಿ ಅಂತ ಇತ್ತು. ಹುಡುಗ ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಏನೂ ಸಿಕ್ಕಿರಲಿಲ್ಲ. ಆದರೆ ಭಯದಲ್ಲಿರುವ ಕಿವಿಗೆ ‘ಸಿಕ್ಕಿಲ್ಲ’ ಅನ್ನುವುದು ‘ಇಲ್ಲ’ ಅಂತಲೇ ಕೇಳಿಸುತ್ತದೆ. ಅದನ್ನು ಬಿಡಿಸಿ ಹೇಳುವವರು ಆ ಕೌಂಟರಿನಲ್ಲಿ ಇರಬೇಕಿತ್ತು ಅನ್ನುವ ಸಿಟ್ಟು ನನಗೆ ಇವತ್ತಿಗೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಅಮ್ಮನ ಜೊತೆ ಓಡಾಡುತ್ತಾ, ಕೇಳಿ ಕೇಳಿ ತಿಳಿದುಕೊಂಡಿದ್ದು ಇಷ್ಟು.

ಯಶವಂತಪುರದ ಮಂಡಿಯಲ್ಲಿ ಅಕ್ಕಿ ವ್ಯಾಪಾರ ನೋಡಿದ್ದೀರಾ? ಮೂಟೆ ಬಿಚ್ಚುವುದಿಲ್ಲ. ಚೂಪಾದ ಕೊಳವೆಯೊಂದನ್ನು ಗೋಣಿಗೆ ಚುಚ್ಚಿದರೆ ಒಂದು ಹಿಡಿ ಅಕ್ಕಿ ಅಂಗೈಗೆ ಉದುರುತ್ತದೆ. ಅದನ್ನು ನೋಡಿ ಮೂಟೆಯ ಬೆಲೆ ಹೇಳುತ್ತಾರೆ. ಎಫ್‌ಎನ್‌ಎಸಿ ಹೆಚ್ಚುಕಮ್ಮಿ ಇದೇ ಕೆಲಸ. ಸಣ್ಣ ಸೂಜಿಯಿಂದ ಗಂಟಿನ ಒಳಗಿನ ಜೀವಕೋಶಗಳನ್ನು ಎಳೆದು, ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕೊಳವೆ ಮೂಟೆಯ ಮೂಲೆಗೆ ಹೋದರೆ ನಡುವಿನ ಅಕ್ಕಿ ಹೇಗಿದೆ ಅಂತ ತಿಳಿಯುವುದಿಲ್ಲ, ಅಲ್ವಾ? ಗಂಟಿನಲ್ಲೂ ಹಾಗೆಯೇ. ಒಳಗೆ ನೀರು ತುಂಬಿದ್ದರೆ ಬರೀ ನೀರು ಬರಬಹುದು, ಕೆಲವೊಮ್ಮೆ ಬರೀ ರಕ್ತ ಬರಬಹುದು. ಥೈರಾಯ್ಡ್ ಸ್ಲೈಡ್ ‘ಸಾಕು’ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಕಡೇಪಕ್ಷ 6 ಗುಂಪು ಜೀವಕೋಶ ಇರಬೇಕು, ಒಂದೊಂದು ಗುಂಪಿನಲ್ಲೂ ಕಡೇಪಕ್ಷ 10. ಅಷ್ಟಿಲ್ಲದಿದ್ದರೆ ರಿಪೋರ್ಟ್ ಕೊಡುವವರು ಹೌದು ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ. ಅಂಥ ಸಮಯದಲ್ಲಿ ಸ್ಕ್ಯಾನ್ ಪರದೆ ನೋಡುತ್ತಾ, ಸೂಜಿಯ ತುದಿ ಎಲ್ಲಿದೆ ಅಂತ ಕಣ್ಣಿಟ್ಟು ಎರಡನೇ ಸಲ ಮಾಡಬೇಕು. ಬಹಳ ಜನಕ್ಕೆ ಆಗ ಸರಿಯಾಗಿ ಸಿಗುತ್ತದೆ.

ಅಮ್ಮನಿಗೂ ಸಿಕ್ಕಿತು. ಗೌರಿ ಹಬ್ಬದ ಹೊತ್ತಿಗೆ ಗಂಟು ಸ್ವಲ್ಪ ದೊಡ್ಡದಾದಂತೆ ಕಂಡು, ಬೇರೆ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರು ಹಳೇ ಹಾಳೆ ಓದಿ, "ಇದನ್ನ ಆಗಲೇ ಮತ್ತೆ ಮಾಡಿಸ್ಬೇಕಿತ್ತಲ್ಲಮ್ಮ" ಅಂದರು. ನನಗೆ ನೆಲ ಕುಸಿದಂತಾಯಿತು.

ಎರಡನೇ ಸಲ ನಾನೂ ಒಳಗೆ ಇದ್ದೆ. ಭುಜದ ಕೆಳಗೆ ದಿಂಬು ಇಟ್ಟು ಅಮ್ಮನ ಕತ್ತನ್ನು ಹಿಂದಕ್ಕೆ ಬಾಗಿಸಿದರು. ಸೂಜಿ ರಕ್ತ ತೆಗೆಯುವುದಕ್ಕಿಂತ ಸಣ್ಣದು, 25 ಗೇಜ್ ಅಂದರು. ಗೇಜಿನ ಅಂಕಿ ಜಾಸ್ತಿ ಆದಷ್ಟೂ ಸೂಜಿ ತೆಳು. "ಅಮ್ಮಾ, ಈಗ ಎಂಜಲು ನುಂಗ್ಬೇಡಿ, ಮಾತಾಡ್ಬೇಡಿ" ಅಂದರು, ಯಾಕೆಂದರೆ ನುಂಗಿದರೆ ಗಂಟೂ ಜೊತೆಗೆ ಮೇಲೇರುತ್ತದೆ. ಸೂಜಿ ಒಳಗೆ ಹೋದ ಮೇಲೆ ಅದನ್ನು ಕೆಲವು ಸೆಕೆಂಡು ಹಿಂದೆ ಮುಂದೆ ಆಡಿಸುತ್ತಾರೆ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ, ಹಾಗಾಗಿ ಏನೋ ತಪ್ಪಾಗಿದೆ ಅಂತ ಗಾಬರಿಯಾಗುತ್ತದೆ. ಜೀವಕೋಶ ಬಿಡಿಸಿಕೊಂಡು ಬರಲು ಹಾಗೆ ಮಾಡಲೇಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಗಂಟಿನ ಬೇರೆ ಬೇರೆ ಭಾಗದಿಂದ ಎರಡು ಮೂರು ಸಲ ತೆಗೆಯುತ್ತಾರೆ. ಅಮ್ಮನಿಗೆ ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಡಲಿಲ್ಲ, ಅದೇ ಇನ್ನೊಂದು ಚುಚ್ಚು ಆಗುತ್ತದೆ ಅಂದರು. ಅಲ್ಲಿ ಒಳ್ಳೆಯ ಏರ್ಪಾಡು ಒಂದಿತ್ತು: ಪಕ್ಕದಲ್ಲೇ ಮೈಕ್ರೋಸ್ಕೋಪ್ ಇಟ್ಟುಕೊಂಡು, ಅಮ್ಮ ಮಂಚದ ಮೇಲೆ ಇರುವಾಗಲೇ ಸ್ಲೈಡ್ ನೋಡಿ "ಸಾಕಷ್ಟು ಬಂದಿದೆ" ಅಂತ ಹೇಳಿದ ಮೇಲೆಯೇ ಏಳಿಸಿದರು. ಇದು ಎಲ್ಲ ಕಡೆ ಇರುವುದಿಲ್ಲ. ಇದೆಯಾ ಅಂತ ಕೇಳಿ.

ಹತ್ತು ನಿಮಿಷ ಹತ್ತಿ ಒತ್ತಿ ಹಿಡಿದು ಕೂತೆವು. ಮಾರನೇ ದಿನ ಸ್ವಲ್ಪ ನೀಲಿಗಟ್ಟಿತ್ತು, ಒಂದು ಪ್ಯಾರಾಸಿಟಮಾಲ್ ಸಾಕಾಯಿತು. ಕುತ್ತಿಗೆ ಜೋರಾಗಿ ಊದಿಕೊಂಡರೆ, ಉಸಿರಾಟಕ್ಕೆ ತೊಂದರೆ ಆದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಬಹಳ ಅಪರೂಪ, ಆದರೂ ಗೊತ್ತಿರಲಿ. ರಕ್ತ ತೆಳುವಾಗಿಸುವ ಮಾತ್ರೆ, ಅಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ್ದು ತೆಗೆದುಕೊಳ್ಳುವವರು ಮೊದಲೇ ಹೇಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಖಂಡಿತ ಬೇಡ.

ಇನ್ನು ನಮ್ಮ ದೊಡ್ಡಮ್ಮ ಹೇಳಿದ ಮಾತು. "ಗಂಟಿಗೆ ಸೂಜಿ ಹಾಕಿದ್ರೆ ಕೆರಳುತ್ತೆ, ಮುಟ್ಟಿಸ್ಬೇಡಿ." ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿಯೇ ಇರುತ್ತಾರೆ. ನಾನು ಇದನ್ನು ಡಾಕ್ಟರಿಗೆ ನೇರವಾಗಿಯೇ ಕೇಳಿದೆ. ಥೈರಾಯ್ಡ್, ಸ್ತನ, ಕತ್ತಿನ ಗಂಟುಗಳಿಗೆ ಈ ಸೂಜಿ ಪರೀಕ್ಷೆ ಎಷ್ಟೋ ದಶಕಗಳಿಂದ ನಡೆಯುತ್ತಿದೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ವೃಷಣದ ಗಂಟಿನಂಥ ಕೆಲವು ಕಡೆ ಡಾಕ್ಟರುಗಳೇ ಸೂಜಿ ಹಾಕುವುದಿಲ್ಲ. ಆದರೆ ಹೆದರಿಕೊಂಡು ಪರೀಕ್ಷೆಯನ್ನೇ ಮುಂದೂಡುತ್ತಾ ಹೋದವರಿಗೆ ಆಗುವ ನಷ್ಟ ಅಪರೂಪದ್ದಲ್ಲ. ದೊಡ್ಡಮ್ಮನ ಮಾತಿಗೆ ಅಮ್ಮ ಒಂದು ವಾರ ಹಿಂದೇಟು ಹಾಕಿದಳು. ಪ್ರೀತಿಯಿಂದ ಹೇಳಿದ ಮಾತನ್ನು ತಳ್ಳಿಹಾಕುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ದೊಡ್ಡಮ್ಮನನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಮೇಲೆ ಅವರೇ ಅಮ್ಮನನ್ನು ಒಪ್ಪಿಸಿದರು.

ನಾಲ್ಕನೇ ದಿನ ರಿಪೋರ್ಟ್ ಬಂತು. ಅದನ್ನು ಮೊಬೈಲಿನಲ್ಲಿ ತೆರೆದ ನನ್ನ ತಮ್ಮ ಓದಿ ಬಿಳಿಚಿಕೊಂಡ. ‘ಬೆಥೆಸ್ಡಾ ಕ್ಯಾಟಗರಿ 4’ ಅಂತ ಇತ್ತು. ಅವನು ಅದನ್ನು ನಾಲ್ಕನೇ ಸ್ಟೇಜ್ ಕ್ಯಾನ್ಸರ್ ಅಂದುಕೊಂಡಿದ್ದ. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ. ಬೆಥೆಸ್ಡಾ ಅನ್ನುವುದು ಅಮೆರಿಕದ ಒಂದು ಊರು. ಥೈರಾಯ್ಡ್ ಸೂಜಿ ಪರೀಕ್ಷೆಯ ರಿಪೋರ್ಟನ್ನು ಎಲ್ಲರೂ ಒಂದೇ ರೀತಿ ಬರೆಯಲಿ ಅಂತ 2007ರಲ್ಲಿ ಅಲ್ಲಿ ಸಭೆ ಸೇರಿ ಮಾತಾಡಿದ್ದರಿಂದ ಆ ಹೆಸರು ಬಂತು. 1 ಅಂದರೆ ಸಾಕಷ್ಟು ಸಿಕ್ಕಿಲ್ಲ, ನಮ್ಮ ಮೊದಲ ರಿಪೋರ್ಟ್ ಅದೇ. 2 ಅಂದರೆ ಕ್ಯಾನ್ಸರ್ ಅಲ್ಲದ ಗಂಟು. 6 ಅಂದರೆ ಕ್ಯಾನ್ಸರ್. ನಡುವಿನ 3, 4, 5 ಬೇರೆ ಬೇರೆ ಮಟ್ಟದ ಅನುಮಾನ. ಕಾಯಿಲೆ ಎಷ್ಟು ಹರಡಿದೆ ಅಂತ ಹೇಳುವ ಸ್ಟೇಜಿಗೂ ಈ ಅಂಕಿಗೂ ಸಂಬಂಧವೇ ಇಲ್ಲ.

4ರಲ್ಲಿ ಹತ್ತು ಜನಕ್ಕೆ ಸುಮಾರು ಮೂರು ಜನಕ್ಕೆ ಕ್ಯಾನ್ಸರ್ ಇರಬಹುದು. ಹಾಗಾದರೆ ಇನ್ನೊಂದು ಸೂಜಿ ಹಾಕಿ ಖಚಿತ ಮಾಡಿಕೊಳ್ಳಬಾರದಾ ಅಂತ ನಾನು ಕೇಳಿದೆ. ಇಂಥ ಗಂಟಿನಲ್ಲಿ ಕ್ಯಾನ್ಸರ್ ಅಲ್ಲದ್ದು, ಕ್ಯಾನ್ಸರ್ ಎರಡರ ಜೀವಕೋಶಗಳೂ ಸ್ಲೈಡಿನಲ್ಲಿ ಒಂದೇ ಥರ ಕಾಣುತ್ತವಂತೆ. ಗಂಟಿನ ಸುತ್ತ ಇರುವ ಪೊರೆಯನ್ನು ಅಥವಾ ಅಲ್ಲಿನ ರಕ್ತನಾಳವನ್ನು ಆ ಜೀವಕೋಶಗಳು ಸೀಳಿಕೊಂಡು ಹೋಗಿವೆಯಾ ಅನ್ನುವುದೇ ವ್ಯತ್ಯಾಸ. ಅದನ್ನು ನೋಡಲು ಇಡೀ ಗಂಟೇ ಕೈಗೆ ಬರಬೇಕು. ಸೂಜಿಗೆ ಅದು ಆಗದ ಕೆಲಸ. ಅಮ್ಮನಿಗೆ ಥೈರಾಯ್ಡಿನ ಅರ್ಧ ಭಾಗ ತೆಗೆದರು. ತೆಗೆದ ಭಾಗದ ಬಯಾಪ್ಸಿಯಲ್ಲಿ ಪೊರೆ ಪೂರ್ತಿ ಇತ್ತು, ಕ್ಯಾನ್ಸರ್ ಇರಲಿಲ್ಲ. ಈ ಸಲ ‘ಇಲ್ಲ’ ಅನ್ನುವುದನ್ನು ನಾನೇ ಹಾಳೆಯಲ್ಲಿ ಮೂರು ಸಲ ಓದಿ, ಡಾಕ್ಟರ ಬಾಯಲ್ಲೂ ಕೇಳಿ, ಆಮೇಲೆ ಅಮ್ಮನಿಗೆ ಹೇಳಿದೆ.

ಬೇರೆ ಗಂಟು ಇರುವವರಿಗೆ ಎರಡು ಮಾತು. ಸ್ತನದ ಗಂಟಾದರೆ ಕೈಯಲ್ಲಿ ಮುಟ್ಟಿ ನೋಡಿದ್ದು, ಸ್ಕ್ಯಾನ್ ಅಥವಾ ಮ್ಯಾಮೋಗ್ರಾಂ, ಸೂಜಿ ಪರೀಕ್ಷೆ, ಮೂರೂ ಒಂದೇ ಮಾತು ಹೇಳಬೇಕು. ಸ್ಕ್ಯಾನ್ ಅನುಮಾನ ಪಡುತ್ತಿದ್ದು ಸೂಜಿ ಮಾತ್ರ ಏನೂ ಇಲ್ಲ ಅಂದರೆ ಅಲ್ಲಿಗೆ ಬಿಡಬೇಡಿ. ಅಲ್ಲಿ ಈಗ ಸ್ವಲ್ಪ ದಪ್ಪ ಸೂಜಿಯಿಂದ ಚೂರು ಮಾಂಸವನ್ನೇ ತೆಗೆಯುವ ಕೋರ್ ಬಯಾಪ್ಸಿಯನ್ನೇ ಜಾಸ್ತಿ ಮಾಡುತ್ತಾರೆ, ಯಾಕೆಂದರೆ ಕ್ಯಾನ್ಸರ್ ಆಗಿದ್ದರೆ ಯಾವ ಔಷಧಿ ಹಿಡಿಯುತ್ತದೆ ಅಂತ ತಿಳಿಯುವ ಪರೀಕ್ಷೆಗಳಿಗೆ ಆ ಚೂರು ಬೇಕು. ಕತ್ತಿನ ಪಕ್ಕದ ಗಂಟಾದರೆ ನಮ್ಮ ದೇಶದಲ್ಲಿ ಟಿಬಿ ಇರುವುದು ಬಹಳ ಸಾಮಾನ್ಯ. ಸೂಜಿಯಿಂದ ತೆಗೆದದ್ದರಲ್ಲಿ ಸ್ವಲ್ಪವನ್ನು ಟಿಬಿಯ ಸಿಬಿನ್ಯಾಟ್ ಪರೀಕ್ಷೆಗೆ ಬೇರೆ ಬಾಟಲಿಯಲ್ಲಿ ಕಳಿಸಬಹುದು. ಇದನ್ನು ಸೂಜಿ ಹಾಕುವ ಮೊದಲೇ ಕೇಳಿ. ಎಲ್ಲವನ್ನೂ ಸ್ಲೈಡಿಗೆ ಹಚ್ಚಿ ಮುಗಿಸಿದ ಮೇಲೆ ಕೇಳಿದರೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ.

ಸ್ಲೈಡುಗಳನ್ನೂ ಕೇಳಿ ತೆಗೆದುಕೊಳ್ಳಿ. ಇದು ನನಗೆ ಆಪರೇಷನ್ ಹೊತ್ತಿನಲ್ಲಿ ಗೊತ್ತಾಯಿತು. ಆಪರೇಷನ್ ಮಾಡುವ ಡಾಕ್ಟರು ಹಾಳೆ ನೋಡಿ ಸುಮ್ಮನಾಗಲಿಲ್ಲ, "ಸ್ಲೈಡ್ ತಂದಿದ್ದೀರಾ?" ಅಂದರು. ಅವರ ಕಡೆಯವರು ತಮ್ಮ ಕಣ್ಣಲ್ಲೇ ಇನ್ನೊಮ್ಮೆ ನೋಡಬೇಕಿತ್ತು. ಅರ್ಜಿ ಬರೆದುಕೊಟ್ಟು, ಸಹಿ ಹಾಕಿ, ಎರಡು ದಿನ ಅಲೆದು ತಂದೆ. ಈಗ ಅವು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಮ್ಮನ ಬೀರುವಿನಲ್ಲಿ, ಎಲ್‌ಐಸಿ ಬಾಂಡುಗಳ ಪಕ್ಕ ಇವೆ. ಡಬ್ಬಿಯ ಮೇಲೆ ತಾರೀಖು ಬರೆದು, ಒಳಗೆ ರಿಪೋರ್ಟಿನ ಜೆರಾಕ್ಸ್ ಮಡಚಿ ಇಟ್ಟಿದ್ದೇನೆ.